ಕಾಫಿ ಸರಿಯಿಲ್ಲದಿದ್ದರೆ ತಪ್ಪು ಯಾರದು?

ಲೋಟ ಬಾಯಿಗಿಟ್ಟ ಯಜಮಾನರು "ಇವತ್ತು ಕಾಫಿ ಯಾಕೋ ಸರಿಯಿಲ್ಲ" ಎಂದು ಪಕ್ಕಕ್ಕೆ ಸರಿಸಿದರೆ ನೀವೇನು ಮಾಡುತ್ತೀರಿ? ಹಾಲು ಸೀದಿತೇನೋ, ಸಕ್ಕರೆ ಸಾಲದಾಯಿತೇನೋ, ಡಿಕಾಕ್ಷನ್ ನೀರಾಯಿತೇನೋ ಅಂತ ನಿಮ್ಮ ಕೈಯನ್ನೇ ದೂರುತ್ತೀರಿ. ಪುಡಿಯದೇ ತಪ್ಪಿರಬಹುದು ಎಂದು ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅಕ್ಕಿಯನ್ನು ಅಂಗೈಗೆ ಹಾಕಿ ನೋಡುವ, ಮಾವಿನ ಮಿಡಿಯನ್ನು ಮುರಿದು ಮೂಸುವ ನಾವು ಕಾಫಿ ಪುಡಿಯನ್ನು ಮಾತ್ರ ಅಂಗಡಿಯವರು ಕೊಟ್ಟ ಹಾಗೆ ತಂದುಬಿಡುತ್ತೇವಲ್ಲ! ವೈನ್, ಬಿಯರ್, ಚಹಾಗಳಿಗೆ ಇರುವ ಹಾಗೆ ಕಾಫಿಗೂ ರುಚಿ ನೋಡಿ ಅಂಕ ಹಾಕುವ ಪರೀಕ್ಷಕರಿದ್ದಾರೆ. ಅವರ ವಿದ್ಯೆಯಲ್ಲಿ ಒಂದಿಷ್ಟು ನಮಗೂ ಇರಲಿ.

ಈ ಮಾತಿಗೆ ಮಂಗಳೂರಿಗಿಂತ ಒಳ್ಳೆಯ ಊರಿಲ್ಲ. ಘಟ್ಟದ ಮೇಲಿನ ತೋಟಗಳ ಕಾಫಿ ಇಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಇಳಿದು ಬಂದು, ಹದಗೊಂಡು, ಹಡಗೇರುತ್ತದೆ. ಅದರಲ್ಲಿ 'ಮಾನ್ಸೂನ್ಡ್ ಮಲಬಾರ್' ಎಂಬ ಕಾಫಿಯ ಕಥೆಯೇ ಬೇರೆ. ಹಿಂದೆ ಹಾಯಿಹಡಗುಗಳು ಆಫ್ರಿಕವನ್ನು ಬಳಸಿಕೊಂಡು ಯುರೋಪು ಮುಟ್ಟಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ದಿನ ಸಮುದ್ರದ ತೇವ ಕುಡಿದು ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ನಾಲಿಗೆಗೆ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳೂ ಬಂದವು, ಪ್ರಯಾಣ ಮೊಟಕಾಯಿತು. ಬೀಜ ತಾಜಾ ಆಗಿ ತಲುಪಿದರೂ ಗಿರಾಕಿಗಳು "ಹಳೇ ರುಚಿ ಎಲ್ಲಿ?" ಅಂದರು! ಸಮುದ್ರ ಮಾಡುತ್ತಿದ್ದ ಕೆಲಸವನ್ನು ಕೊನೆಗೆ ನಮ್ಮ ಕರಾವಳಿಯ ಮಳೆಗಾಲಕ್ಕೆ ಒಪ್ಪಿಸಬೇಕಾಯಿತು.

ಇಂದಿಗೂ ಹಾಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿಯಾಡುವ ಗೋದಾಮುಗಳಲ್ಲಿ ಚೆರಿ ಕಾಫಿಯ ಬೀಜವನ್ನು ನಾಲ್ಕಾರು ಅಂಗುಲ ದಪ್ಪಕ್ಕೆ ಹರಡಿ ಮತ್ತೆ ಮತ್ತೆ ಎಳೆದು ತಿರುವುತ್ತಾರೆ. ಆಮೇಲೆ ಗೋಣಿಗಳಲ್ಲಿ ಸಡಿಲವಾಗಿ ತುಂಬಿ, ನಡುನಡುವೆ ಗಾಳಿ ಹೋಗುವ ಹಾಗೆ ಸಾಲಿಡುತ್ತಾರೆ; ಸುರಿದು ಮತ್ತೆ ತುಂಬುತ್ತಾರೆ. 12ರಿಂದ 16 ವಾರ ಇದೇ ಉಪಚಾರ. ಕೊನೆಗೆ ಉಬ್ಬದ ಬೀಜ, ಕಪ್ಪು ಬೀಜಗಳನ್ನು ಆರಿಸಿ ತೆಗೆಯಬೇಕು. ಆ ಆರಿಸುವ ಕೆಲಸದಲ್ಲಿ ಬಹುಪಾಲು ಹೆಂಗಸರ ಕೈಯೇ. ಈ ಕಾಫಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

ನೋಡಿ, ಎಂಥ ವಿಚಿತ್ರ! ನಮ್ಮ ಅಡುಗೆಮನೆಯ ಪುಡಿಯನ್ನು ಹಾಳು ಮಾಡುವ ಅದೇ ತೇವ ಅಲ್ಲಿ ರುಚಿ ಕೊಡುತ್ತದೆ. ಹದವಾದದ್ದು ಹುಳಿಯಿಲ್ಲದೆ, ಬಾಯಿ ತುಂಬುವ ದಪ್ಪದೊಂದಿಗೆ, ಮಣ್ಣಿನ ಮತ್ತು ಮಸಾಲೆಯ ವಾಸನೆ ಕೊಡುತ್ತದೆ. ಹದ ತಪ್ಪಿದರೆ ಬರೀ ಮುಗ್ಗು. ಕಣ್ಣಿಗೆ ಇವೆರಡೂ ಸುಲಭಕ್ಕೆ ತಿಳಿಯುವುದಿಲ್ಲ. ಮೂಗು, ನಾಲಿಗೆಗಳೇ ಹೇಳಬೇಕು.

ಪರೀಕ್ಷಕರು ಮಾಡುವುದೇನು? ಹುರಿದು ತರಿಯಾಗಿ ಪುಡಿಮಾಡಿದ ಕಾಫಿಯನ್ನು ತೂಗಿ ಬಟ್ಟಲಿಗೆ ಹಾಕುತ್ತಾರೆ, 150 ಮಿ.ಲೀ. ನೀರಿಗೆ ಸುಮಾರು 8 ಗ್ರಾಂ. ಒಂದೇ ಕಾಫಿಗೆ ಐದು ಬಟ್ಟಲು, ಏಕೆಂದರೆ ಒಂದು ಕೆಟ್ಟ ಬೀಜ ಒಂದು ಬಟ್ಟಲನ್ನಷ್ಟೇ ಕೆಡಿಸಿ ಕೂತಿರಬಹುದು. ಬಿಸಿನೀರು ಹೊಯ್ದು ನಾಲ್ಕು ನಿಮಿಷ ಕಾದು, ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದು ಮೂಸುತ್ತಾರೆ. ಆಮೇಲೆ ಚಮಚದಿಂದ ಸೊರ್ರೆಂದು ಹೀರಿ, ಬಾಯಲ್ಲಾಡಿಸಿ, ಉಗುಳುತ್ತಾರೆ. ಮನೆಯಲ್ಲಾದರೆ ಹಿರಿಯರು ಗದರಿಯಾರು! ಆದರೆ ಹಾಗೆ ಹೀರಿದರೇ ಪರಿಮಳ ಮೂಗಿನ ಹಿಂಬದಿಗೆ ಏರುವುದು. 100ಕ್ಕೆ 80 ಅಂಕ ದಾಟಿದ್ದು ವಿಶೇಷ ದರ್ಜೆ. ಗಂಡಸರದೇ ಆಗಿದ್ದ ಈ ಕೆಲಸಕ್ಕೆ 1972ರಲ್ಲಿ ಕಾಫಿ ಮಂಡಳಿ ಸೇರಿದ ಸುನಾಲಿನಿ ಮೆನನ್ ಏಷ್ಯಾದ ಮೊದಲ ಮಹಿಳಾ ಪರೀಕ್ಷಕಿ ಎಂದು ಹೆಸರಾದರು. ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿ, ಮುಂದೆ ಬೆಂಗಳೂರಿನಲ್ಲಿ ತಮ್ಮದೇ ಪ್ರಯೋಗಾಲಯ ತೆರೆದರು.

ನೀವು ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಎರಡು ಮೂರು ಅಂಗಡಿಯ ಪುಡಿ ತಲಾ ಐವತ್ತು ಗ್ರಾಂ ತನ್ನಿ. ಒಂದೇ ಅಳತೆ, ಒಂದೇ ನೀರು, ಒಂದೇ ಹೊತ್ತು. ಲೋಟದ ತಳಕ್ಕೆ ಗುರುತು ಹಾಕಿ, ಯಾವುದು ಯಾವುದೆಂದು ನಿಮಗೇ ತಿಳಿಯದ ಹಾಗೆ ಮಗಳ ಕೈಯಲ್ಲಿ ಜಾಗ ಬದಲಿಸಿ ಇಡಿಸಿ. ಹಾಲು, ಸಕ್ಕರೆ ಬೇಡ. ಅವು ದೋಷ ಮುಚ್ಚುತ್ತವೆ. ಮೊದಲು ಮೂಸಿ. ಗೋಣಿಚೀಲದ ವಾಸನೆಯೋ, ಹುರಿದ ನೆಲಗಡಲೆಯ ಘಮವೋ? ಕುಡಿದಾಗ ಹುಳಿ ಇದ್ದರೆ ಹೆದರಬೇಡಿ. ಪುನರ್ಪುಳಿಯ ಹಾಗೆ ಹಿತವಾದ ಹುಳಿ ಒಳ್ಳೆಯ ಕಾಫಿಯ ಲಕ್ಷಣ. ಹಳಸಿದ ಸಾರಿನ ಹುಳಿ ಬೇರೆ. ಗಂಜಿ ತಿಳಿಯ ಹಾಗೆ ನಾಲಿಗೆಯ ಮೇಲೆ ನಿಲ್ಲುತ್ತದೆಯೋ, ನೀರಿನ ಹಾಗೆ ಜಾರುತ್ತದೆಯೋ? ಆರಿದ ಮೇಲೆ ಮತ್ತೊಮ್ಮೆ ಕುಡಿಯಿರಿ. ಬಿಸಿ ಇದ್ದಾಗ ಅಡಗಿದ್ದ ದೋಷ ಆಗ ಹೊರಬೀಳುತ್ತದೆ.

ದಪ್ಪ, ಕಪ್ಪು ಡಿಕಾಕ್ಷನ್ ಕಂಡು ಮಾತ್ರ ಮೋಸ ಹೋಗಬೇಡಿ. ಅದು ಚಿಕೋರಿಯ ಕೈವಾಡವೂ ಇರಬಹುದು. ಚಿಕೋರಿ ಎಂದರೆ ಹುರಿದ ಬೇರಿನ ಪುಡಿ. ಬಣ್ಣ, ದಪ್ಪ ಕೊಡುತ್ತದೆ, ಕಾಫಿಯ ಸತ್ವವಿಲ್ಲ. ಸ್ವಲ್ಪ ಬೆರೆತರೆ ನನ್ನ ತಕರಾರೇನೂ ಇಲ್ಲ, ಹಲವರಿಗೆ ಅದೇ ಇಷ್ಟ. ಆದರೆ ಕಾಯಿದೆಯ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು. ಓದಿ ನೋಡಿ. ಬಿಡಿ ಪುಡಿಯಾದರೆ ತಣ್ಣೀರಿನ ಲೋಟಕ್ಕೆ ಒಂದು ಚಿಟಿಕೆ ಉದುರಿಸಿ: ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಬೇಗ ಮುಳುಗುತ್ತದೆ.

ಗೆದ್ದ ಪುಡಿಯನ್ನೂ ಮಳೆಗಾಲದಲ್ಲಿ ಕಾಲು ಕಿಲೋಗಿಂತ ಹೆಚ್ಚು ತರಬೇಡಿ. ಡಬ್ಬಿಗೆ ತಂದ ತಾರೀಖು ಅಂಟಿಸಿ, ಒಲೆಯ ಪಕ್ಕ ಇಡಬೇಡಿ, ಒದ್ದೆ ಚಮಚ ಹಾಕಲೇಬೇಡಿ.