ಹೆಲಿಕಾಪ್ಟರ್ ಕಾಯುವವರು: ಸುರಕ್ಷತೆ ರೂಢಿಯಾಗುವ ಬಗೆ

2021ರ ಮೇ 17. ತೌಕ್ತೆ ಚಂಡಮಾರುತದ ಅಬ್ಬರಕ್ಕೆ ಕಡಲು ಇನ್ನೂ ತಣಿದಿರಲಿಲ್ಲ. ಮೂಲ್ಕಿಯ ಹೊರಗಿನ ಬಂಡೆಗಳಿಗೆ ಸಿಕ್ಕಿಬಿದ್ದಿದ್ದ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್‌ನಲ್ಲಿ ಒಂಬತ್ತು ಮಂದಿ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಐವರನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಉಳಿದ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಮೇಲಕ್ಕೆತ್ತಿತು. ಗಾಳಿಗೆ ಎದುರಾಗಿ ಒಂದೇ ಕಡೆ ತೇಲುತ್ತ, ಹಗ್ಗ ಇಳಿಸಿ ಮನುಷ್ಯರನ್ನು ಎತ್ತುವ ಕೆಲಸ ಬೇರಾವ ವಾಹನಕ್ಕೂ ಆಗದು.

ಮಂಗಳೂರಿನ ಅತ್ತಾವರದಂಥ ಬಡಾವಣೆಯಲ್ಲಿರುವ ನಮಗೆ ಹೆಲಿಕಾಪ್ಟರ್ ಕಣ್ಣಿಗೆ ಬೀಳುವುದು ಇಷ್ಟಕ್ಕೇ: ಚುನಾವಣೆಯ ಹೊತ್ತಿಗೆ ಮೇರಿಹಿಲ್ ಹೆಲಿಪ್ಯಾಡಿಗೆ ಬರುವ ನಾಯಕರು, ಮಳೆಗಾಲದ ರಕ್ಷಣಾ ಕಾರ್ಯ, ಕೇದಾರನಾಥ ಯಾತ್ರೆಗೆ ಹೋದ ನೆಂಟರು ಕಳಿಸುವ ಫೋಟೋ. ಅದು ಹಾರುವ ಮೊದಲು ಹ್ಯಾಂಗರಿನಲ್ಲಿ ಯಾರು ಏನು ನೋಡಿದರು, ನೋಡಿದ್ದನ್ನು ಯಾರಿಗೆ ಹೇಳಿದರು ಎಂಬುದು ನಮಗೆ ಕಾಣುವುದಿಲ್ಲ. ಈ ಅಧ್ಯಾಯ ಅದರ ಬಗ್ಗೆ.

ಒಂದೇ ಗೇರ್‌ಬಾಕ್ಸ್

ವಿಮಾನಕ್ಕೆ ರೆಕ್ಕೆ ಇದೆ. ಎಂಜಿನ್ ನಿಂತರೂ ಸ್ವಲ್ಪ ದೂರ ತೇಲುತ್ತದೆ. ಹೆಲಿಕಾಪ್ಟರಿಗೆ ತಿರುಗುವ ರೋಟರೇ ರೆಕ್ಕೆ. ಎಂಜಿನ್ ನಿಂತರೆ, ಕೆಳಗಿನಿಂದ ನುಗ್ಗುವ ಗಾಳಿಯಲ್ಲೇ ರೋಟರನ್ನು ತಿರುಗಿಸಿಕೊಂಡು ಇಳಿಯುವ ವಿದ್ಯೆಯನ್ನು ಪೈಲಟ್‌ಗಳಿಗೆ ಕಲಿಸಿರುತ್ತಾರೆ. ದೊಡ್ಡ ಹೆಲಿಕಾಪ್ಟರುಗಳಿಗೆ ಎರಡು ಎಂಜಿನ್ ಇರುವುದರಿಂದ ಒಂದು ಕೈಕೊಟ್ಟರೆ ಇನ್ನೊಂದು ಇದೆ. ಆದರೆ ಎಂಜಿನ್ನಿನ ಸಾವಿರಾರು ಸುತ್ತನ್ನು ರೋಟರಿಗೆ ಬೇಕಾದ ಕೆಲವು ನೂರು ಸುತ್ತಿಗೆ ಇಳಿಸುವ ಮುಖ್ಯ ಗೇರ್‌ಬಾಕ್ಸ್ ಒಂದೇ. ಪೈಲಟ್ ಕೈಯ ಚಲನೆಯನ್ನು ತಿರುಗುವ ಅಲಗುಗಳಿಗೆ ಮುಟ್ಟಿಸುವ ಸ್ವಾಶ್‌ಪ್ಲೇಟ್ ಜೋಡಣೆಯೂ ಒಂದೇ. ಇವು ಮುರಿದರೆ ಬದಲಿ ಇಲ್ಲ.

ಇದು ನಮ್ಮ ರಾಜ್ಯಕ್ಕೆ ಹತ್ತಿರದ ವಿಷಯ. ಧ್ರುವ ಹೆಲಿಕಾಪ್ಟರ್ 1992ರ ಆಗಸ್ಟ್ 20ರಂದು ಮೊದಲು ಹಾರಿದ್ದು ಬೆಂಗಳೂರಿನಲ್ಲಿ, ಅದನ್ನು ತಯಾರಿಸುವ ಎಚ್‌ಎಎಲ್ ಸಂಸ್ಥೆಯ ಅಂಗಳದಿಂದ. ಗುಬ್ಬಿ ತಾಲ್ಲೂಕಿನಲ್ಲಿ ಅದೇ ಸಂಸ್ಥೆಯ ಹೊಸ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡಿನ ಧ್ರುವ ಬಿದ್ದು ಮೂವರು ಸತ್ತರು. ತನಿಖೆಯಲ್ಲಿ ಸ್ವಾಶ್‌ಪ್ಲೇಟ್ ಮುರಿದಿದ್ದು ಕಂಡಿತು. ಸೇನೆ, ವಾಯುಪಡೆ, ನೌಕಾಪಡೆ, ಕೋಸ್ಟ್ ಗಾರ್ಡ್‌ಗಳ ಬಳಿ ಇದ್ದ ಮುನ್ನೂರಕ್ಕೂ ಹೆಚ್ಚು ಧ್ರುವಗಳು ನೆಲಕ್ಕಿಳಿದವು. ಮತ್ತೆ ಹಾರಲು ತಿಂಗಳುಗಳೇ ಬೇಕಾದವು. ಗಡಿ ಮತ್ತು ಕಡಲು ಕಾಯುವವರಿಗೆ ಇದು ದುಬಾರಿ ತೀರ್ಮಾನ. ಕಾರಣ ಗೊತ್ತಾಗುವ ತನಕ ಹಾರಿಸುವುದಿಲ್ಲ ಎಂಬ ಈ ಹಟ ದಿನನಿತ್ಯದ ಕೆಲಸದಲ್ಲೂ ಇದ್ದರೆ ಅದೇ ಸುರಕ್ಷತೆಯ ರೂಢಿ.

ಎಣ್ಣೆಯಲ್ಲಿ ಸಿಕ್ಕ ಚೂರು

ಗೇರ್‌ಬಾಕ್ಸಿನ ಒಳಗೆ ಎಣ್ಣೆ ಹರಿಯುವ ದಾರಿಯಲ್ಲಿ ಒಂದು ಸಣ್ಣ ಅಯಸ್ಕಾಂತದ ಬಿರಡೆ ಇರುತ್ತದೆ. ಅದನ್ನು ಚಿಪ್ ಡಿಟೆಕ್ಟರ್ ಎನ್ನುತ್ತಾರೆ. ಗೇರಿನ ಹಲ್ಲೋ ಬೇರಿಂಗೋ ಸವೆದರೆ ಉಕ್ಕಿನ ಚೂರು ಇದಕ್ಕೆ ಅಂಟಿ, ಪೈಲಟ್ ಮುಂದೆ ದೀಪ ಹೊತ್ತುತ್ತದೆ. ದೇಹ ಕೊಯ್ಯದೆ ಒಳಗಿನ ರೋಗ ತಿಳಿಯಲು ರಕ್ತ ಪರೀಕ್ಷೆ ಮಾಡಿಸುವಂತೆಯೇ ಇದು. ಮೆಕ್ಯಾನಿಕ್ ಬಿರಡೆ ಬಿಚ್ಚಿ, ಚೂರನ್ನು ಬಟ್ಟೆಯ ಮೇಲೆ ತೆಗೆದು, ಅಳೆದು, ಅದು ಯಾವ ಲೋಹ, ಯಾವ ಭಾಗದ್ದು ಎಂದು ಕೈಪಿಡಿಯೊಂದಿಗೆ ತಾಳೆ ನೋಡಬೇಕು.

2009ರ ಮಾರ್ಚ್ 25ರಂದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ, ಉತ್ತರ ಸಮುದ್ರದ ತೈಲ ಬಾವಿಗಳಿಗೆ ಕೆಲಸಗಾರರನ್ನು ಒಯ್ಯುತ್ತಿದ್ದ ಸೂಪರ್ ಪೂಮಾ ಹೆಲಿಕಾಪ್ಟರಿನಲ್ಲಿ ಇಂಥ ಒಂದು ಚೂರು ಸಿಕ್ಕಿತು. ನಿರ್ವಹಣೆಯವರು ಸುಮ್ಮನಿರಲಿಲ್ಲ, ತಯಾರಕ ಕಂಪನಿಯನ್ನು ಕೇಳಿದರು. ಆದರೆ ಫೋನು, ಇಮೇಲುಗಳ ನಡುವೆ ಇಬ್ಬರ ಮಾತು ಒಬ್ಬರಿಗೊಬ್ಬರಿಗೆ ಸರಿಯಾಗಿ ತಲುಪಲಿಲ್ಲ. ಚೂರು ಗೇರಿನದ್ದೆಂದು ಗುರುತು ಸಿಗಲಿಲ್ಲ. ಗೇರ್ ಮಾಡ್ಯೂಲನ್ನು ಬಿಚ್ಚಿ ಒಳಗೆ ನೋಡುವ ಹಂತ ಬಿಟ್ಟುಹೋಯಿತು. ಏಪ್ರಿಲ್ 1ರಂದು ಅದೇ ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಒಡೆದು, ರೋಟರ್ ಕಿತ್ತುಹೋಗಿ 16 ಮಂದಿ ಸತ್ತರು. ಇಲ್ಲಿ ಸೋಮಾರಿಗಳು, ದುಷ್ಟರು ಯಾರೂ ಇರಲಿಲ್ಲ. ಸುದ್ದಿ ಇತ್ತು, ಅದು ಅರ್ಥವಾಗಬೇಕಾದಲ್ಲಿ ಅರ್ಥವಾಗಲಿಲ್ಲ.

ಏಳು ವರ್ಷದ ನಂತರ, 2016ರ ಏಪ್ರಿಲ್ 29ರಂದು, ನಾರ್ವೆಯಲ್ಲಿ ಅದೇ ವಂಶದ ಇನ್ನೊಂದು ಹೆಲಿಕಾಪ್ಟರಿನ ರೋಟರ್ ಕಳಚಿ 13 ಮಂದಿ ಸತ್ತರು. ಈ ಸಲ ಗೇರಿನೊಳಗೆ ಬೆಳೆದ ಬಿರುಕು ಎಚ್ಚರಿಕೆ ಕೊಡುವಷ್ಟು ಚೂರು ಉದುರಿಸಿರಲೇ ಇಲ್ಲ. ಹಾಗಾಗಿ ಹ್ಯಾಂಗರಿನವರು ಎಷ್ಟೇ ಎಚ್ಚರವಿದ್ದರೂ ವಿನ್ಯಾಸದ ದೋಷವನ್ನು ಅವರ ತಲೆಗೆ ಕಟ್ಟಲಾಗದು. ತಯಾರಕರೂ ಪ್ರತಿ ಅವಘಡದಿಂದ ಕಲಿಯಲೇಬೇಕು. ಹಾಗೆ ಕಲಿತದ್ದೂ ಉಂಟು. 1986ರ ನವೆಂಬರ್ 6ರಂದು ಶೆಟ್‌ಲ್ಯಾಂಡ್ ಬಳಿ ಗೇರ್ ಮುರಿದು ಚಿನೂಕ್ ಹೆಲಿಕಾಪ್ಟರ್ ಬಿದ್ದು 45 ಮಂದಿ ಸತ್ತ ಮೇಲೆ, ಗೇರ್‌ಬಾಕ್ಸಿನ ಅದುರಾಟವನ್ನು ಸದಾ ಅಳೆಯುವ ಉಪಕರಣಗಳು ಉತ್ತರ ಸಮುದ್ರದ ಹೆಲಿಕಾಪ್ಟರುಗಳಲ್ಲಿ ಬಳಕೆಗೆ ಬಂದವು.

ಬಜ್ಪೆಯ ಪಾಠ

ಮಾತು ತಲುಪದಿದ್ದರೆ ಏನಾಗುತ್ತದೆ ಎಂದು ಮಂಗಳೂರಿಗೆ ಬೇರೆಯವರು ಹೇಳಬೇಕಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಸತ್ತರು. ಅದು ಹೆಲಿಕಾಪ್ಟರ್ ಅಲ್ಲ, ನಿಜ. ಆದರೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ ಹೇಳಿದ್ದು ಹಾರುವ ಎಲ್ಲರಿಗೂ ಅನ್ವಯಿಸುತ್ತದೆ. ಕ್ಯಾಪ್ಟನ್ ಪ್ರಯಾಣದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗದಲ್ಲಿ ಬರುತ್ತಿತ್ತು. ಇಳಿಯುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಎಂದು ಸಹ ಪೈಲಟ್ ಮೂರು ಸಲ ಎಚ್ಚರಿಸಿದರು. ಯಂತ್ರವೂ ಎಚ್ಚರಿಸಿತು. 2,450 ಮೀಟರಿನ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು.

ಕಿರಿಯ ಹೇಳಿದಾಗ ಹಿರಿಯ ಕೇಳಬೇಕು. ಕೇಳದಿದ್ದರೆ ಕಿರಿಯ ಹಿಡಿತವನ್ನು ತನ್ನ ಕೈಗೆ ತೆಗೆದುಕೊಳ್ಳುವಷ್ಟು ಧೈರ್ಯವನ್ನು ಸಂಸ್ಥೆಯೇ ಕೊಟ್ಟಿರಬೇಕು. ಹಿರಿಯರಿಗೆ ಎದುರಾಡಬಾರದು ಎಂದು ಬೆಳೆದ ನಮ್ಮಲ್ಲಿ ಇದು ತಾನಾಗಿ ಬರುವುದಿಲ್ಲ. ತರಬೇತಿಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು.

ಹ್ಯಾಂಗರಿನ ಕಟ್ಟುಪಾಡು

ಒಳ್ಳೆಯ ಹ್ಯಾಂಗರಿನ ಗೋಡೆಯ ಮೇಲೆ ಒಂದು ಟೂಲ್‌ಬೋರ್ಡ್ ಇರುತ್ತದೆ. ಪ್ರತಿ ಸ್ಪ್ಯಾನರಿನ ಆಕಾರವನ್ನೂ ಅದರ ಜಾಗದಲ್ಲಿ ಬಣ್ಣದಲ್ಲಿ ಬರೆದಿರುತ್ತಾರೆ. ಸಂಜೆ ಒಂದು ಆಕಾರ ಖಾಲಿ ಕಂಡರೆ, ಆ ಸ್ಪ್ಯಾನರ್ ಸಿಗುವವರೆಗೆ ಹೆಲಿಕಾಪ್ಟರ್ ಹೊರಡುವುದಿಲ್ಲ. ಅದು ರೋಟರಿನ ಬುಡದಲ್ಲಿ ಉಳಿದಿರಬಹುದು. ಪೈಲಟ್ ಹಿಡಿತಕ್ಕೆ ಸಂಬಂಧಿಸಿದ ಭಾಗವನ್ನು ಒಬ್ಬರು ಜೋಡಿಸಿದರೆ ಇನ್ನೊಬ್ಬರು ಬೇರೆಯಾಗಿ ನೋಡಿ ಸಹಿ ಹಾಕಬೇಕು. ಪಾಳಿ ಬದಲಾಗುವಾಗ ಅರ್ಧಕ್ಕೆ ನಿಂತ ಕೆಲಸವನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದಿಡಬೇಕು.

ಇವೆಲ್ಲ ನಡೆಯುವುದು ತಪ್ಪು ಒಪ್ಪಿಕೊಂಡವನಿಗೆ ಏನಾಗುತ್ತದೆ ಎಂಬುದರ ಮೇಲೆ. ‘ಆ ಬೋಲ್ಟ್ ಬಿಗಿ ಮಾಡಿದ್ದು ನೆನಪಿಲ್ಲ, ಇನ್ನೊಮ್ಮೆ ನೋಡಬೇಕು ಸಾರ್’ ಎಂದ ಮೆಕ್ಯಾನಿಕ್‌ಗೆ ಬೈಗುಳ, ಸಂಬಳ ಕಡಿತ ಸಿಕ್ಕರೆ ಮುಂದಿನ ಸಲ ಅವನು ಸುಮ್ಮನಿರುತ್ತಾನೆ. ಅವನನ್ನು ನೋಡಿದ ಉಳಿದವರೂ ಸುಮ್ಮನಿರುತ್ತಾರೆ. ಹಾಗೆಂದು ಎಲ್ಲ ತಪ್ಪಿಗೂ ಮಾಫಿ ಇಲ್ಲ. ಕಣ್ತಪ್ಪಿಗೆ ಶಿಕ್ಷೆ ಬೇಡ. ನೋಡದೆಯೇ ನೋಡಿದೆ ಎಂದು ಸಹಿ ಹಾಕಿದವನಿಗೆ ಶಿಕ್ಷೆ ಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲಿ ಸುರಕ್ಷತಾ ನಿರ್ವಹಣೆಗೆಂದೇ ಪ್ರತ್ಯೇಕ ಅನುಬಂಧ ತಂದಿತು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮಗಳೂ ಇದೇ ದಾರಿಯಲ್ಲಿವೆ. ಆದರೆ ಕಡತದಲ್ಲಿರುವ ನಿಯಮ ಹ್ಯಾಂಗರಿಗೆ ಇಳಿಯುವುದು ಮೇಲ್ವಿಚಾರಕರ ನಡತೆಯಿಂದ.

ನೆಲದ ಮೇಲಿನವರ ಪಾಲು

2023ರ ಮಾರ್ಚ್ 6ರಂದು ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಜೇವರ್ಗಿಯಲ್ಲಿ ಇಳಿಯುವಾಗ ಹೆಲಿಪ್ಯಾಡ್ ಸುತ್ತಲಿನ ಪ್ಲಾಸ್ಟಿಕ್ ಹಾಳೆಗಳು ರೋಟರ್ ಗಾಳಿಗೆ ಮೇಲೆದ್ದವು. ಪೈಲಟ್ ಇಳಿಸದೆ ಮೇಲಕ್ಕೊಯ್ದು, ಜಾಗ ಸ್ವಚ್ಛವಾದ ಮೇಲೆ ಇಳಿಸಿದರು. ಹಾಳೆಯೊಂದು ರೋಟರಿಗೋ ಎಂಜಿನ್ ಬಾಯಿಗೋ ಸಿಕ್ಕಿದ್ದರೆ ಕತೆ ಬೇರೆಯಾಗುತ್ತಿತ್ತು. ಅದೇ ವರ್ಷ ಮೇ 2ರಂದು ಮುಳಬಾಗಿಲಿಗೆ ಹೊರಟ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹಕ್ಕಿ ಬಡಿದು ಮುಂದಿನ ಗಾಜು ಒಡೆಯಿತು. ಪೈಲಟ್ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ತಂದಿಳಿಸಿದರು. ಎರಡೂ ಸಲ ಸಭೆಗೆ ಜನ ಕಾಯುತ್ತಿದ್ದರು. ಎರಡೂ ಸಲ ಪೈಲಟ್ ಕಂಡದ್ದಕ್ಕೆ ತಕ್ಕ ತೀರ್ಮಾನ ತೆಗೆದುಕೊಂಡರು.

ಎಲ್ಲೆಡೆಯೂ ಹೀಗೆ ಆಗುವುದಿಲ್ಲ. 2025ರ ಜೂನ್ 15ರಂದು ಕೇದಾರನಾಥದಿಂದ ಹೊರಟ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಅದರಲ್ಲಿದ್ದ ಏಳೂ ಮಂದಿ ಸತ್ತರು. ಮೋಡ ಕವಿಯುವ ಕಣಿವೆ, ಚಿಕ್ಕ ಋತು, ಸಾಲುಗಟ್ಟಿದ ಯಾತ್ರಿಕರು: ಹಾರಲೇಬೇಕು ಎಂಬ ಒತ್ತಡಕ್ಕೆ ಇಷ್ಟು ಸಾಕು. ಆ ಒತ್ತಡದಲ್ಲಿ ನಮ್ಮ ಪಾಲೂ ಇರುತ್ತದೆ. ಹೆಲಿಪ್ಯಾಡ್ ಸಿದ್ಧಪಡಿಸುವವರು ಸುತ್ತಲಿನ ಶಾಮಿಯಾನ, ಬ್ಯಾನರು, ಹಾಳೆ ತೆಗೆಸಿ, ನೀರು ಚಿಮುಕಿಸಿ, ಜನರನ್ನು ದೂರವಿಡಬೇಕು. ಹತ್ತುವವರು ಪೈಲಟ್‌ಗೆ ಕಾಣುವಂತೆ ಮುಂದಿನಿಂದಲೇ ಹೋಗಬೇಕು. ಬಾಲದ ರೋಟರ್ ತಿರುಗುವಾಗ ಕಣ್ಣಿಗೆ ಬೀಳುವುದಿಲ್ಲ. ಮಂಜು ಬಿದ್ದಿದೆ, ಇವತ್ತು ಹಾರುವುದಿಲ್ಲ ಎಂದು ಪೈಲಟ್ ಹೇಳಿದರೆ ಟಿಕೆಟಿನ ದುಡ್ಡು ವಾಪಸ್ ಕೇಳಿ. ಹಾರಿಸಿ ಎಂದು ಮಾತ್ರ ಕೇಳಬೇಡಿ.