ಲೆಫ್ಟ್ ಎಲ್ಲಿಗೂ ಹೋಗಿಲ್ಲ

ಹೆಸರು ಹಿಡಿದು ಕರೆದು, ಆವರಣದೊಳಗೆ ಬೆಲೆ ಕೊಟ್ಟರೆ ಉತ್ತರ ತಂದುಕೊಡುವುದು ಫಂಕ್ಷನ್. ಡೇಟಾಬೇಸಿಗೆ ಹಾಕುವ ಪ್ರಶ್ನೆಯಲ್ಲಿ, ಅಂದರೆ ಕ್ವೆರಿಯಲ್ಲಿ, ಬರೆದ ಹೆಸರು ಅದಕ್ಕೆ ಸಿಗದಿದ್ದರೆ ‘ಅನ್‌ಡಿಫೈನ್ಡ್ ಫಂಕ್ಷನ್’ ಎಂಬ ದೂರು ಬರುತ್ತದೆ. ಕೆಲವೊಮ್ಮೆ ಆ ದೂರು ಅಕ್ಷರಶಃ ನಿಜ. ಮೈಎಸ್‌ಕ್ಯೂಎಲ್ 8.0ರಲ್ಲಿ ಪಾಸ್‌ವರ್ಡ್ ಫಂಕ್ಷನ್ನನ್ನು ಕಿತ್ತುಹಾಕಿದರು. ಎಸ್‌ಕ್ಯೂಎಲ್ ಸರ್ವರ್‌ಗೆ ಸ್ಟ್ರಿಂಗ್ ಆಗ್ ಬಂದದ್ದೇ 2017ರ ಆವೃತ್ತಿಯಲ್ಲಿ. ಇಂಥವಕ್ಕೆ ಆಯಾ ಆವೃತ್ತಿಯ ಕೈಪಿಡಿ ನೋಡಿದರೆ ಸಾಕು.

ಫಂಕ್ಷನ್ ಇದ್ದೂ ಸಿಗದಿರುವುದು ಬೇರೆಯೇ ಕತೆ. ಅದನ್ನು ಮೈಕ್ರೋಸಾಫ್ಟ್ ಆಕ್ಸೆಸ್‌ನಷ್ಟು ಚೆನ್ನಾಗಿ ಕಲಿಸುವ ತಂತ್ರಾಂಶ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ನಿನ್ನೆಯವರೆಗೆ ಓಡುತ್ತಿದ್ದ ಕ್ವೆರಿ ಇಂದು ‘ಲೆಫ್ಟ್’ ಗೊತ್ತಿಲ್ಲ ಎನ್ನುತ್ತದೆ, ದೋಷಸಂಖ್ಯೆ 3085. ಪದದ ಎಡತುದಿಯಿಂದ ಬೇಕಾದಷ್ಟು ಅಕ್ಷರ ಕತ್ತರಿಸಿ ಕೊಡುವ ಲೆಫ್ಟ್, ಬೇಸಿಕ್ ಭಾಷೆಯ ಹಳೇ ಆಳು. ಅದು ಮಾಯವಾಗುವುದುಂಟೇ? ಗಾಬರಿಬಿದ್ದವರು ಇಡೀ ಆಫೀಸ್ ಪ್ಯಾಕೇಜನ್ನೇ ತೆಗೆದು ಮತ್ತೆ ಹಾಕುತ್ತಾರೆ. ಜಾಣರು ಲೆಫ್ಟ್ ಬದಲು ಮಿಡ್ ಬರೆಯುತ್ತಾರೆ. ಆಗ ಮಿಡ್ ಕೂಡ ಗೊತ್ತಿಲ್ಲ ಎನ್ನುತ್ತದೆ!

ಕಾರಣ ಇಷ್ಟು: ಸಮ್, ಕೌಂಟ್ ಮುಂತಾದವು ಡೇಟಾಬೇಸ್ ಎಂಜಿನ್ನಿನ ಸ್ವಂತ ಆಸ್ತಿ. ಆಕ್ಸೆಸ್ ಒಳಗಿಂದಲೇ ಕ್ವೆರಿ ಓಡಿಸಿದಾಗ ಲೆಫ್ಟ್, ಫಾರ್ಮ್ಯಾಟ್, ಡೇಟ್ ಮೊದಲಾದವುಗಳಿಗೆ ಅದು ಆಫೀಸ್ ಒಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎ ಕಡೆ ಕೈಚಾಚುತ್ತದೆ. ವಿಬಿಎ ಬಳಿ ತಾನು ನೆಚ್ಚಿಕೊಂಡ ಲೈಬ್ರರಿಗಳ ಪಟ್ಟಿಯೊಂದಿದೆ. ಅದಕ್ಕೆ ರೆಫರೆನ್ಸಸ್ ಎಂದು ಹೆಸರು. ಆ ಪಟ್ಟಿಯ ಒಂದೇ ಒಂದು ಲೈಬ್ರರಿ ಕಂಪ್ಯೂಟರಿನಲ್ಲಿ ಇಲ್ಲವೆಂದರೂ ಪ್ರಾಜೆಕ್ಟ್ ಕಂಪೈಲ್ ಆಗುವುದಿಲ್ಲ. ಹಬ್ಬದ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಸಾಲೆಲ್ಲ ಕತ್ತಲಾಗುವ ಹಾಗೆ. ಔಟ್‌ಲುಕ್ ಲೈಬ್ರರಿ ಕಾಣೆಯಾದರೆ, ಅದಕ್ಕೂ ತನಗೂ ಸಂಬಂಧವೇ ಇಲ್ಲದ ಲೆಫ್ಟ್ ಏಟು ತಿನ್ನುತ್ತದೆ. ಕಲಿಯುವವರು ಎಡವುವುದು ಇಲ್ಲೇ: ದೂರಿನಲ್ಲಿ ಯಾರ ಹೆಸರಿದೆಯೋ ಅವರನ್ನೇ ಕಳ್ಳರೆಂದು ಹಿಡಿಯುತ್ತಾರೆ.

ಲೈಬ್ರರಿ ಕಾಣೆಯಾಗುವುದು ಹೇಗೆ? ಆಫೀಸ್ 2010ರ ಒಳಗಿನ ಸಂಖ್ಯೆ 14, 2013ರದ್ದು 15. (2007ರದ್ದು 12. ನಡುವಿನ 13 ಅಪಶಕುನವೆಂದು ಹಾರಿಹೋಯಿತು. ಲೆಕ್ಕದ ಯಂತ್ರ ಕಟ್ಟುವವರಿಗೂ ಇಂಥ ಅಂಜಿಕೆ ಇದೆ ನೋಡಿ.) 2010ರಲ್ಲಿ ಮಾಡಿದ ಫೈಲನ್ನು 2013 ಇರುವ ಕಂಪ್ಯೂಟರಿನಲ್ಲಿ ತೆರೆದರೆ, ಔಟ್‌ಲುಕ್ 14ರ ರೆಫರೆನ್ಸ್ ಸದ್ದಿಲ್ಲದೆ 15ಕ್ಕೆ ಏರುತ್ತದೆ. ಏರಿದ್ದು ತಾನಾಗಿ ಇಳಿಯುವುದಿಲ್ಲ. ಅದೇ ಫೈಲ್ 2010ಕ್ಕೆ ಮರಳಿದಾಗ 15 ಅಲ್ಲಿಲ್ಲ. ನೆಟ್‌ವರ್ಕ್‌ನಲ್ಲಿ ಒಂದೇ ಫೈಲನ್ನು ಹತ್ತು ಜನ ತೆರೆಯುವ ಕಚೇರಿಯಲ್ಲಿ ಹೊಸ ಕಂಪ್ಯೂಟರ್ ಬಂದ ದಿನವೇ ಉಳಿದವರ ಕೆಲಸ ಕೆಡುವುದು ಇದರಿಂದ. ಹೊಸ ಕಂಪ್ಯೂಟರಿನವರಿಗೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ. 2016, 2019, 2021 ಮೂರಕ್ಕೂ ಸಂಖ್ಯೆ 16 ಆದದ್ದರಿಂದ ಈಗ ಈ ಕಾಟ ಕಡಿಮೆ.

ಆಲ್ಟ್ ಮತ್ತು ಎಫ್11 ಒತ್ತಿ, ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆಯಿರಿ. ‘ಮಿಸ್ಸಿಂಗ್’ ಎಂದು ಶುರುವಾಗುವ ಸಾಲು ಕಂಡರೆ ಟಿಕ್ ತೆಗೆದು, ಆ ಕಂಪ್ಯೂಟರಿನಲ್ಲಿರುವ ಆವೃತ್ತಿಗೆ ಟಿಕ್ ಹಾಕಿ, ಡೀಬಗ್ ಮೆನುವಿನಿಂದ ಕಂಪೈಲ್ ಮಾಡಿ. ಇದು ತಾತ್ಕಾಲಿಕ ಶಮನ. ಕಾಯಂ ಪರಿಹಾರ ಬೇಕಿದ್ದರೆ ಒಬ್ಬೊಬ್ಬರಿಗೂ ಫೈಲಿನ ಬೇರೆ ಪ್ರತಿ ಕೊಡಬೇಕು; ಔಟ್‌ಲುಕ್‌ನಂಥವನ್ನು ರೆಫರೆನ್ಸ್ ಇಲ್ಲದೆ, ಕ್ರಿಯೇಟ್‌ಆಬ್ಜೆಕ್ಟ್ ಮೂಲಕ ಕರೆಯಬೇಕು. ಆಗ ಲೈಬ್ರರಿಯ ಸ್ಥಿರಾಂಕಗಳ ಹೆಸರು ನಡೆಯುವುದಿಲ್ಲ, ಅಂಕಿಯನ್ನೇ ಬರೆಯಬೇಕು: ಓಎಲ್‌ಮೇಲ್‌ಐಟಂ ಬದಲು 0.

ರೆಫರೆನ್ಸಸ್ ಸರಿಯಿದ್ದೂ ನೀವೇ ಬರೆದ ಫಂಕ್ಷನ್ ಸಿಗದಿದ್ದರೆ, ಅದು ಕೂತಿರುವ ಮಾಡ್ಯೂಲಿಗೂ ಅದೇ ಹೆಸರಿಟ್ಟಿದ್ದೀರಾ ನೋಡಿ. ಆಕ್ಸೆಸ್ ಇದನ್ನು ಸಹಿಸುವುದಿಲ್ಲ. ಎನ್‌ಝಡ್ (ಖಾಲಿ ಬೆಲೆ, ಅಂದರೆ ನಲ್ ಇದ್ದಲ್ಲಿ ಬೇರೆ ಬೆಲೆ ಕೊಡುವ) ಫಂಕ್ಷನ್ ಇರುವ ಕ್ವೆರಿಯನ್ನು ಎಕ್ಸೆಲ್‌ನಿಂದಲೋ ಓಡಿಬಿಸಿ ಮೂಲಕವೋ ಓಡಿಸಿದರೂ ಇದೇ ದೂರು: ಎನ್‌ಝಡ್ ಆಕ್ಸೆಸ್‌ನದು, ಎಂಜಿನ್ನಿನದಲ್ಲ. ಅಲ್ಲಿ ಐಐಎಫ್ ಮತ್ತು ಈಸ್ ನಲ್ ಸೇರಿಸಿ ಬರೆಯಿರಿ.

ಇದ್ದೂ ಸಿಗದಿರುವ ಕತೆ ಆಕ್ಸೆಸ್‌ಗೆ ಮುಗಿಯುವುದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಫಂಕ್ಷನ್ನಿನ ಹೆಸರನ್ನು ಮಾತ್ರ ನೋಡಿ ಸುಮ್ಮನಾಗುವುದಿಲ್ಲ; ಆವರಣದೊಳಗಿನ ಬೆಲೆಗಳ ಬಗೆಯನ್ನೂ ನೋಡುತ್ತದೆ. 2008ರಲ್ಲಿ 8.3 ಆವೃತ್ತಿ ಬರುವವರೆಗೆ ಅದು ಅಂಕಿಯನ್ನು ತಾನೇ ಪಠ್ಯವಾಗಿಸಿಕೊಳ್ಳುತ್ತಿತ್ತು. 8.3 ಈ ಧಾರಾಳವನ್ನು ನಿಲ್ಲಿಸಿತು. ಪಠ್ಯದ ತುಂಡು ಕತ್ತರಿಸಿ ಕೊಡುವ ಸಬ್‌ಸ್ಟರ್‌ಗೆ ಪಠ್ಯದ ಜಾಗದಲ್ಲಿ ಪೂರ್ಣಾಂಕ ಕೊಟ್ಟಿದ್ದ ಹಳೆಯ ಕ್ವೆರಿಗಳೆಲ್ಲ ‘ಇಂಥ ಫಂಕ್ಷನ್ ಇಲ್ಲ’ ಎಂದು ನಿಂತವು. ಸಬ್‌ಸ್ಟರ್ ಇತ್ತು, ಪೂರ್ಣಾಂಕ ತೆಗೆದುಕೊಳ್ಳುವ ಸಬ್‌ಸ್ಟರ್ ಇರಲಿಲ್ಲ. ಆಗ ಬಹಳ ಮಂದಿ ಬೈದರು. ನನ್ನ ಮಟ್ಟಿಗೆ ಆ ನಿರ್ಧಾರ ಸರಿ, ಏಕೆಂದರೆ ಸುಮ್ಮನೆ ಬರುವ ತಪ್ಪು ಉತ್ತರಕ್ಕಿಂತ ಬಾಯಿಬಿಟ್ಟು ಬರುವ ದೂರು ಲೇಸು.

ಆಕ್ಸೆಸ್ ಮುಟ್ಟದವರೂ ಪೋಸ್ಟ್‌ಗ್ರೆಸ್ ಕೈಪಿಡಿಯ 10ನೇ ಅಧ್ಯಾಯ ಓದಬೇಕೆಂದು ನನ್ನ ಒತ್ತಾಯ. ಹೆಸರೊಂದು ಫಂಕ್ಷನ್ ಆಗುವ ದಾರಿಯನ್ನು ಅಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದಾರೆ. ಓದುತ್ತ ಎರಡು ಸ್ಕೀಮಾಗಳಲ್ಲಿ (ಡೇಟಾಬೇಸಿನೊಳಗಿನ ಹೆಸರುಗಳ ಗುಂಪುಗಳಲ್ಲಿ) ಒಂದೇ ಹೆಸರಿನ, ಒಂದೇ ಬಗೆಯ ಬೆಲೆ ಬೇಡುವ ಎರಡು ಫಂಕ್ಷನ್ ಕಟ್ಟಿ, ಸ್ಕೀಮಾಗಳನ್ನು ಹುಡುಕುವ ಕ್ರಮವಾದ ಸರ್ಚ್ ಪಾತ್ ಅದಲುಬದಲು ಮಾಡಿ, ಪ್ರತಿ ಸಲ ಯಾವುದು ಓಗೊಡುತ್ತದೆ ಎಂದು ಪರೀಕ್ಷಿಸಿ.