ಬೆಲೆ ಏರಿಸುವ ಮುನ್ನ ಬಾಯಿ ತೆರೆಯಿರಿ

ಮುಂಬಯಿ: ಮಹಾನಗರದಲ್ಲಿ ಹೋಟೆಲು ಕಟ್ಟಿ ಬೆಳೆಸಿದ ತುಳು-ಕನ್ನಡಿಗರಿಗೆ ಶುಚಿ-ರುಚಿಯ ಪಾಠ ಯಾರೂ ಹೇಳಬೇಕಾಗಿಲ್ಲ. ಆದರೆ ತಮ್ಮ ಕಷ್ಟವನ್ನು ಗಿರಾಕಿಗೆ ಮನದಟ್ಟು ಮಾಡುವಲ್ಲಿ ನಮ್ಮ ಉದ್ಯಮಿಗಳು ತುಸು ಸಂಕೋಚದವರೇ.

2017ರ ನವೆಂಬರ್ 15ನ್ನು ನೆನಪಿಸಿಕೊಳ್ಳಿ. ಹವಾನಿಯಂತ್ರಿತ ರೆಸ್ಟೋರೆಂಟ್‌ಗಳ ಜಿಎಸ್‌ಟಿ ಶೇ. 18ರಿಂದ, ಸಾಮಾನ್ಯ ಹೋಟೆಲ್‌ಗಳದ್ದು ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಗಿರಾಕಿ ಕೇಳಿಸಿಕೊಂಡದ್ದು ಇಷ್ಟನ್ನೇ. ಅದರ ಜೊತೆಗೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ರದ್ದಾಯಿತು. ಅಂದರೆ ಬಾಡಿಗೆ, ಸಾಮಗ್ರಿ, ಯಂತ್ರಗಳ ಮೇಲೆ ಮಾಲಕ ಕಟ್ಟಿದ ತೆರಿಗೆ ಅವನ ತಲೆಯ ಮೇಲೆಯೇ ಉಳಿಯಿತು. ಎಷ್ಟೋ ಕಡೆ ತಿಂಡಿಯ ಮೂಲಬೆಲೆ ಏರಿತು. ಕಾರಣ ಕೇಳಿದರೆ ಗಲ್ಲಾದಲ್ಲಿ ಕುಳಿತವರಿಂದ 'ಸರಕಾರದ ನಿಯಮ' ಎಂಬ ಉತ್ತರ! ಸಿಟ್ಟು ಬಾರದೆ ಇದ್ದೀತೇ?

ಪಶ್ಚಿಮ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ನಡೆಸುವ ಹಾರ್ಡ್‌ಕ್ಯಾಸಲ್ ಕಂಪೆನಿ ಇದೇ ಬೆಲೆಯೇರಿಕೆಗಾಗಿ ಲಾಭಕೋರತನದ ಆರೋಪ ಹೊತ್ತು, 2018ರಲ್ಲಿ ಪ್ರಾಧಿಕಾರದ ಮುಂದೆ ಲೆಕ್ಕ ಒಪ್ಪಿಸಬೇಕಾಯಿತು. ಅವರಲ್ಲಿ ವಕೀಲರ ಪಡೆಯಿತ್ತು. ಉಪನಗರದ ನಮ್ಮ ಶೆಟ್ಟರಲ್ಲಿ, ಪೂಜಾರಿಯವರಲ್ಲಿ ಇರುವುದು ವರ್ಷಗಟ್ಟಲೆ ಬರುವ ಗಿರಾಕಿಯ ನಂಬಿಕೆ ಮಾತ್ರ.

ಊರಿನಿಂದ ಬಂದ ಹುಡುಗ ಕೆಲವೇ ತಿಂಗಳಲ್ಲಿ ಮರಾಠಿ ಮಾತನಾಡುತ್ತಾನೆ. ಬೆಲೆ ಬದಲಾದ ಕಾರಣವನ್ನೂ ಮಾಲಕರು ಅವನಿಗೆ ಎರಡು ವಾಕ್ಯದಲ್ಲಿ ಕಲಿಸಲಿ. ಅದನ್ನೇ ಮರಾಠಿ, ಹಿಂದಿಯಲ್ಲಿ ಬರೆದು ಗಲ್ಲಾದ ಪಕ್ಕ ತೂಗುಹಾಕಲಿ, ಹೊಸ ಮೆನುಕಾರ್ಡ್ ಬರುವ ಮುನ್ನಾದಿನವೇ.